ಮಕ್ಕಳು ಒಳಗೆ ಹೊಕ್ಕು ಉರುಳಿಸೋ ಡ್ರಮ್: ಡಿಸೈನ್ ಹೇಗೆ ಮಾಡ್ಬೇಕು

ದೊಡ್ಡ ರಟ್ಟಿನ ಪೆಟ್ಟಿಗೆ ಸಿಕ್ರೆ ಮಕ್ಕಳು ಮೊದಲು ಅದರೊಳಗೆ ಹೋಗಿ ಕೂರ್ತಾರೆ, ಎರಡೇ ನಿಮಿಷಕ್ಕೆ ಒಳಗಿಂದಾನೇ ಅದನ್ನ ಅಲ್ಲಾಡಿಸಿ ಒಂದು ಮಗ್ಗುಲಿಗೆ ಕೆಡವ್ತಾರೆ, ಕೆಡವಿದ ಮೇಲೆ ಕೇಕೆ ಹಾಕಿ ಇನ್ನೊಂದ್ಸಲ ಅಂತಾರೆ. ಈ ಆಟಿಕೆಯ ಡಿಸೈನ್ ಪೂರ್ತಿ ಅಲ್ಲೇ ಇದೆ ನೋಡಿ. ಮಗು ತನ್ನ ತೂಕವನ್ನ ಮುಂದೆ ತಂದ್ರೆ ಪೆಟ್ಟಿಗೆ ಮುಂದೆ ಬೀಳ್ಬೇಕು, ಹಿಂದೆ ಎಳ್ಕೊಂಡ್ರೆ ನಿಲ್ಬೇಕು, ಬೇರೆ ಯಾರೂ ತಳ್ಬಾರ್ದು. ನಾನು ಮೂರು ಸಲ ಇಂಥದ್ದನ್ನ ಕಟ್ಟಿದೀನಿ, ಮೊದಲನೇದು ಪೂರ್ತಿ ದುಂಡಗಿತ್ತು, ಅದರಲ್ಲಿ ಅಕ್ಕನ ಮಗ ಹತ್ತಿದ ಕೂಡ್ಲೇ ಅಂಗಳದ ಇನ್ನೊಂದು ತುದಿಗೆ ಹೋಗಿ ಗೋಡೆಗೆ ಗುದ್ದಿದ, ಪೆಟ್ಟಾಗ್ಲಿಲ್ಲ ಆದ್ರೆ ಅವನ ಮುಖ ನೋಡಿದ್ಮೇಲೆ ನನಗೆ ಒಂದು ವಿಷಯ ಖಚಿತವಾಯ್ತು, ನಿಲ್ಲಿಸೋಕೆ ಆಗದೇ ಇರೋ ಆಟಿಕೆಯಲ್ಲಿ ಮಗು ಆಡ್ತಿಲ್ಲ, ಆಟಿಕೆ ಮಗುನ ಹೊತ್ಕೊಂಡು ಹೋಗ್ತಿದೆ ಅಷ್ಟೇ.

ಅದಕ್ಕೇ ನಾನೀಗ ದುಂಡಗಿನ ಡ್ರಮ್ ಮಾಡೋದೇ ಇಲ್ಲ, ಹನ್ನೆರಡು ಚಪ್ಪಟೆ ಮುಖದ ಡ್ರಮ್ ಮಾಡ್ತೀನಿ. ಇಲ್ಲಿ ಹೇಳೋದೂ ಅದನ್ನೇ.

ಮುಂಚೆ ಒಂದು ಆಯ್ಕೆ ಮಾಡ್ಕೋಬೇಕು. ಒಳಗೆ ಹೋಗಿ ಉರುಳೋ ಆಟಿಕೆಗಳಲ್ಲಿ ಎರಡು ಜಾತಿ. ಒಂದು, ಮಗು ಚಕ್ರಕ್ಕೆ ಕೈಕಾಲು ಊರಿ ಗಟ್ಟಿಯಾಗಿ ಹಿಡ್ಕೊಂಡು ಚಕ್ರದ ಜೊತೆ ತಾನೂ ತಲೆಕೆಳಗಾಗಿ ತಿರುಗೋದು. 1925ರಲ್ಲಿ ಜರ್ಮನಿಯ ಓಟ್ಟೊ ಫೈಕ್ ಪೇಟೆಂಟ್ ಮಾಡಿಸಿದ ಜಿಮ್ನಾಸ್ಟಿಕ್ ಚಕ್ರ ಈ ಜಾತಿದು, ಎರಡು ದೊಡ್ಡ ಬಳೆ, ಅವುಗಳ ಮಧ್ಯೆ ಆರು ಅಡ್ಡಪಟ್ಟಿ, ಇವತ್ತಿಗೂ ಅದರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯತ್ತೆ, ಆದ್ರೆ ಅದು ಕಲಿಸೋರು ಪಕ್ಕದಲ್ಲಿದ್ದು ಅಭ್ಯಾಸ ಮಾಡೋ ಕ್ರೀಡೆ. ಇನ್ನೊಂದು ಜಾತಿ, ಮಗು ಯಾವಾಗ್ಲೂ ತಳದಲ್ಲೇ ಇರತ್ತೆ, ಅಂಬೆಗಾಲಲ್ಲಿ ಮುಂದಿನ ಮುಖ ಹತ್ತೋಕೆ ಹೋಗತ್ತೆ, ಡ್ರಮ್ ಅದರ ಸುತ್ತ ತಿರುಗ್ತಾ ಮುಂದೆ ಹೋಗತ್ತೆ. ಮನೇಲಿ ಮಾಡೋಕೆ ಈ ಎರಡನೇದೇ ಸರಿ. ತಲೆ ಮೇಲೇ ಇರತ್ತೆ, ಕುತ್ತಿಗೆ ಮೇಲೆ ಭಾರ ಬೀಳಲ್ಲ, ಬೆಲ್ಟ್ ಬೇಡ. ಬೆಲ್ಟ್ ಹಾಕಿದ್ರೆ ಸೇಫ್ ಅಂತ ಸುಮಾರು ಜನ ಅನ್ಕೋತಾರೆ, ನಾನಂತೂ ಒಪ್ಪಲ್ಲ, ಉರುಳೋ ವಸ್ತುವಿಗೆ ಮಗುನ ಕಟ್ಟಿಹಾಕಿದ್ರೆ ಅದು ಎಡವಟ್ಟಾದಾಗ ಹೊರಗೆ ಬರೋಕೇ ಆಗಲ್ಲ, ಪಟ್ಟಿ ಕುತ್ತಿಗೆಗೆ ಸುತ್ಕೊಳ್ಳೋ ಅಪಾಯ ಬೇರೆ.

ಈಗ ಮುಖಗಳ ಲೆಕ್ಕ. ಇದನ್ನ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಉಳಿದಿದ್ದೆಲ್ಲ ಬಡಗಿ ಕೆಲಸ, ಡಿಸೈನ್ ಇರೋದು ಇಲ್ಲೇ.

ಚಪ್ಪಟೆ ಮುಖದ ಡ್ರಮ್ ನೆಲದ ಮೇಲೆ ಒಂದು ಮುಖ ಊರಿ ಕೂತಿರತ್ತೆ. ಅದು ಮುಂದಿನ ಮುಖಕ್ಕೆ ಉರುಳ್ಬೇಕು ಅಂದ್ರೆ ಮಗು ಮತ್ತು ಡ್ರಮ್ ಎರಡೂ ಸೇರಿದ ತೂಕದ ಕೇಂದ್ರ ಆ ಮುಖದ ಅಂಚು ದಾಟ್ಬೇಕು. 90 ಸೆಂ.ಮೀ. ಅಡ್ಡಳತೆಯ ಹನ್ನೆರಡು ಮುಖದ ಡ್ರಮ್‌ನಲ್ಲಿ ಒಂದು ಮುಖ ಸುಮಾರು 24 ಸೆಂ.ಮೀ., ಅಂದ್ರೆ ಮಧ್ಯದಿಂದ ಅಂಚಿಗೆ 12 ಸೆಂ.ಮೀ. ಡ್ರಮ್ 16 ಕೆ.ಜಿ. ಇದೆ, ಮಗು 18 ಕೆ.ಜಿ. ಇದೆ ಅಂದ್ಕೊಳ್ಳಿ, ಐದು ವರ್ಷದ ಮಗು ಹೆಚ್ಚುಕಮ್ಮಿ ಅಷ್ಟಿರತ್ತೆ. ಡ್ರಮ್‌ನ ತೂಕ ಮಧ್ಯದಲ್ಲೇ ಇರೋದ್ರಿಂದ ಮಗು ಒಂದೇ ಆ ಎರಡರ ಕೇಂದ್ರವನ್ನ ಮುಂದೆ ಎಳೀಬೇಕು, 12ನ್ನ 34ರಿಂದ ಗುಣಿಸಿ 18ರಿಂದ ಭಾಗಿಸಿ, ಸುಮಾರು 23 ಸೆಂ.ಮೀ. ಬರತ್ತೆ. ಅಂದ್ರೆ ಮಗು ತನ್ನ ಮೈಭಾರವನ್ನ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಮುಂದೆ ತಂದ್ರೆ ಡ್ರಮ್ ಧಪ್ ಅಂತ ಒಂದು ಮುಖ ಉರುಳತ್ತೆ. ಎಂಟು ವರ್ಷದ, 25 ಕೆ.ಜಿ. ತೂಗೋ ಮಗುಗೆ 20 ಸೆಂ.ಮೀ. ಸಾಕು. ಕೈ ಮುಂದೆ ಇಟ್ಟು, ಮೊಣಕಾಲು ಎತ್ತಿ, ಎದೆ ಮುಂದೆ ಚಾಚಿದ್ರೆ ಇಷ್ಟು ಆರಾಮಾಗಿ ಆಗತ್ತೆ, ಆದ್ರೆ ಸುಮ್ನೆ ಕೂತ್ರೆ ಆಗಲ್ಲ. ಬೇಕಾಗಿರೋದೂ ಅದೇ.

ಎಂಟೇ ಮುಖ ಮಾಡಿದ್ರೆ? ಅದೇ ಐದು ವರ್ಷದ ಮಗು 33 ಸೆಂ.ಮೀ. ಮುಂದೆ ಬರ್ಬೇಕಾಗತ್ತೆ, ಒಳಗೆ ಮಧ್ಯದಿಂದ ಗೋಡೆಗೆ ಇರೋ ಜಾಗಾನೇ 42 ಸೆಂ.ಮೀ., ಮಗು ಒದ್ದಾಡಿ ಒದ್ದಾಡಿ ಬೇಜಾರಾಗಿ ಹೊರಗೆ ಬರತ್ತೆ. ಹದಿನಾರು ಮುಖ ಮಾಡಿದ್ರೆ 17 ಸೆಂ.ಮೀ.ಗೇ ಉರುಳತ್ತೆ, ಸಣ್ಣ ಮಕ್ಕಳಿಗೆ ಸುಲಭ ಆದ್ರೆ ವೇಗ ಹಿಡಿಯೋದೂ ಸುಲಭ. ಹನ್ನೆರಡು ಅನ್ನೋದು ನನಗೆ ಸಿಕ್ಕ ಹದ. ಇನ್ನೊಂದು ಗಮನಿಸಿ, ಡ್ರಮ್ ಭಾರ ಆದಷ್ಟೂ ಮಗು ಜಾಸ್ತಿ ಚಾಚ್ಬೇಕು, ಹಾಗಾಗಿ ಗಟ್ಟಿಮುಟ್ಟಾಗಿರ್ಲಿ ಅಂತ ದಪ್ಪ ಪ್ಲೈವುಡ್ ಹಾಕ್ಬೇಡಿ, ಡ್ರಮ್ ಮಗುಗಿಂತ ಹಗುರ ಇರ್ಲೇಬೇಕು. ಪಕ್ಕದಲ್ಲಿ ನಿಂತಿರೋ ಇನ್ನೊಂದು ಮಗುಗೆ ತಾಗಿದ್ರೂ ಹಗುರ ಇದ್ದಷ್ಟು ಒಳ್ಳೇದು.

ಮುಖ ಇರೋದ್ರಿಂದ ಬ್ರೇಕ್ ಕೂಡ ಬಿಟ್ಟಿ ಸಿಗತ್ತೆ. ಪ್ರತಿ ಅಂಚು ದಾಟೋವಾಗ ಡ್ರಮ್‌ನ ಮಧ್ಯಭಾಗ ಸುಮಾರು ಒಂದೂವರೆ ಸೆಂ.ಮೀ. ಮೇಲೇಳ್ಬೇಕು, ಆಮೇಲೆ ಮುಂದಿನ ಮುಖ ನೆಲಕ್ಕೆ ಬಡಿದಾಗ ಸ್ವಲ್ಪ ವೇಗ ಅಲ್ಲೇ ಹೋಗಿಬಿಡತ್ತೆ. ಮಗು ತಳ್ಳೋದು ನಿಲ್ಲಿಸಿ ಕೂತ್ರೆ ಒಂದೆರಡು ಮುಖದೊಳಗೆ ಡ್ರಮ್ ನಿಂತೇ ನಿಲ್ಲತ್ತೆ. ದುಂಡಗಿನ ಬಳೆ ಹಾಗಲ್ಲ, ಐದು ಡಿಗ್ರಿ ಇಳಿಜಾರಲ್ಲಿ ಬಿಟ್ರೆ ಐದು ಮೀಟರ್ ಉರುಳೋದ್ರೊಳಗೆ ಸೆಕೆಂಡಿಗೆ ಎರಡು ಮೀಟರ್ ವೇಗ ಬಂದಿರತ್ತೆ. ಅಂಥ ಇಳಿಜಾರಲ್ಲಿ ಹನ್ನೆರಡು ಮುಖದ್ದು ನಿಂತಲ್ಲೇ ನಿಂತಿರತ್ತೆ, ಖಾಲಿ ಡ್ರಮ್ ತಾನಾಗೇ ಉರುಳ್ಬೇಕಾದ್ರೆ 15 ಡಿಗ್ರಿ ಓರೆ ಬೇಕು. ಹಾಗಂತ ಇಳಿಜಾರಲ್ಲಿ ಆಡಿಸ್ಬೇಡಿ, ಒಮ್ಮೆ ಉರುಳೋಕೆ ಶುರುವಾದ್ಮೇಲೆ ಕಡಿಮೆ ಓರೆಯಲ್ಲೂ ಮುಂದುವರಿಯಬಹುದು.

ಅಗಲ 60 ಸೆಂ.ಮೀ. ಇಡಿ. 40 ಇಟ್ರೆ ನೋಡೋಕೆ ಚೆನ್ನಾಗಿರತ್ತೆ, ಆದ್ರೆ 24 ಡಿಗ್ರಿ ವಾಲಿದ್ರೇ ಪಕ್ಕಕ್ಕೆ ಮಗುಚತ್ತೆ, 60 ಇದ್ರೆ 33 ಡಿಗ್ರಿವರೆಗೂ ತಡೆಯತ್ತೆ.

ಮರ ಕತ್ತರಿಸೋ ಮುಂಚೆ ರಟ್ಟಲ್ಲಿ ಮಾಡಿ ನೋಡಿ, ಇದೊಂದು ಹೆಜ್ಜೆ ಬಿಡ್ಬೇಡಿ. ಫ್ರಿಜ್ ಬರೋ ಥರದ ದಪ್ಪ ರಟ್ಟಿನ ಪೆಟ್ಟಿಗೆ ಎರಡು ಬೇಕಾಗ್ಬಹುದು. 60 ಸೆಂ.ಮೀ. ಅಗಲದ ಉದ್ದ ಪಟ್ಟಿ ಕತ್ತರಿಸಿ ಟೇಪಲ್ಲಿ ಜೋಡಿಸಿ, ಒಟ್ಟು 288 ಸೆಂ.ಮೀ. ಉದ್ದ, ಮೇಲೆ ಅಂಟಿಸೋಕೆ ಒಂದು ಹತ್ತು. ರಟ್ಟಿನೊಳಗಿನ ಅಲೆಅಲೆ ಗೆರೆಗಳು ಅಗಲದ ಕಡೆಗೆ ಓಡೋ ಹಾಗಿರ್ಲಿ, ಇಲ್ದಿದ್ರೆ ಮಡಿಕೆ ನೆಟ್ಟಗೆ ಬರಲ್ಲ. ಪ್ರತಿ 24 ಸೆಂ.ಮೀ.ಗೆ ಸ್ಕೇಲ್ ಒತ್ತಿ ಚಮಚದ ಹಿಂಬದಿಯಿಂದ ಗೀಚಿ ಮಡಚಿ, ತುದಿಗಳನ್ನ ಅಂಟಿಸಿದ್ರೆ ಹನ್ನೆರಡು ಮುಖದ ಬಳೆ ತಯಾರು. ಇದಕ್ಕೆ ಪಕ್ಕದ ಚೌಕಟ್ಟು ಇಲ್ದೇ ಇರೋದ್ರಿಂದ ಮೆತ್ತಗೆ ಯುದ್ಧದ ಟ್ಯಾಂಕಿನ ಚೈನ್ ಥರ ಹೋಗತ್ತೆ, ಪರವಾಗಿಲ್ಲ, ನಿಮಗೆ ಬೇಕಿರೋದು ಅಳತೆ. ಮಗು ಒಳಗೆ ಹೋಗ್ಲಿ, ನೀವು ಪಕ್ಕದಲ್ಲಿ ಕೂತು ನೋಡ್ತಾ ಇರಿ, ತಲೆ ಮೇಲೆ ತಾಗ್ತಿದ್ಯಾ, ಕೈ ಎಲ್ಲಿ ಇಡತ್ತೆ, ಹೊರಗೆ ಬರೋವಾಗ ಯಾವ ಕಾಲು ಮೊದಲು ಹಾಕತ್ತೆ, ಹೆದರಿದಾಗ ಏನು ಹಿಡ್ಕೊಳ್ಳತ್ತೆ. ನನ್ನ ಎರಡನೇ ಡ್ರಮ್‌ನ ಬಾಗಿಲಿನ ಅಳತೆ ಬದಲಾಗಿದ್ದು ಹೀಗೆ ನೋಡಿದ್ಮೇಲೇ, ನಾನು ಮಗು ಮುಂದಕ್ಕೆ ತೆವಳಿ ಬರತ್ತೆ ಅಂದ್ಕೊಂಡಿದ್ದೆ, ಅದು ಹಿಂದ್ಹಿಂದೆ ಕಾಲು ಹಾಕಿ ಇಳೀತಿತ್ತು.

ಈಗ ಮರದ್ದು. ಪಕ್ಕದ ಎರಡು ಚೌಕಟ್ಟಿಗೆ 12 ಮಿ.ಮೀ. ಪ್ಲೈವುಡ್, ಸುತ್ತ ಹನ್ನೆರಡು ಹಲಗೆಗೆ 9 ಮಿ.ಮೀ. ಪ್ಲೈವುಡ್. ಚೌಕಟ್ಟಿನ ಹಾಳೆ ಮೇಲೆ ಮಧ್ಯದಲ್ಲಿ ಮೊಳೆ ಹೊಡ್ದು ದಾರದಿಂದ 45 ಸೆಂ.ಮೀ. ತ್ರಿಜ್ಯದ ವೃತ್ತ ಎಳೀರಿ, ಆಮೇಲೆ ಅದೇ 45 ಸೆಂ.ಮೀ.ನ ವೃತ್ತದ ಮೇಲೆ ಹೆಜ್ಜೆ ಹೆಜ್ಜೆಯಾಗಿ ಗುರುತು ಹಾಕ್ತಾ ಹೋದ್ರೆ ಸರಿಯಾಗಿ ಆರು ಬಿಂದು ಸಿಗತ್ತೆ, ಎರಡೆರಡರ ನಡುವೆ ಅರ್ಧ ಮಾಡಿ, ಹನ್ನೆರಡು. ಪ್ರೊಟ್ರ್ಯಾಕ್ಟರ್ ಬೇಡವೇ ಬೇಡ. ಬಿಂದುಗಳನ್ನ ನೇರ ಗೆರೆಯಿಂದ ಸೇರಿಸಿ ಕತ್ತರಿಸಿ, ಪ್ರತಿ ಗೆರೆ 23.3 ಸೆಂ.ಮೀ. ಬರ್ಬೇಕು, ಬರ್ಲಿಲ್ಲ ಅಂದ್ರೆ ಎಲ್ಲೋ ದಾರ ಸಡಿಲ ಆಗಿದೆ, ಮತ್ತೆ ಎಳೀರಿ. ಮಧ್ಯದಲ್ಲಿ 67 ಸೆಂ.ಮೀ.ನ ದುಂಡನೆ ಬಾಗಿಲು ಕತ್ತರಿಸಿ, ಎರಡೂ ಕಡೆ. ಎರಡು ಬಾಗಿಲು ಯಾಕಂದ್ರೆ ಡ್ರಮ್ ಯಾವ ಮಗ್ಗುಲಿಗೆ ಮಗುಚಿದ್ರೂ ಇನ್ನೊಂದು ಕಡೆಯಿಂದ ಮಗು ತಾನೇ ಬರ್ಬೇಕು, ನಾವು ಬಂದು ಎತ್ತೋವರೆಗೂ ಕಾಯ್ಬಾರ್ದು.

ಹೀಗೆ ಕತ್ತರಿಸಿದ್ಮೇಲೆ ಸುತ್ತ ಸುಮಾರು 10 ಸೆಂ.ಮೀ.ನ ಅಂಚು ಉಳಿಯತ್ತೆ. ಅದನ್ನ ಕಮ್ಮಿ ಮಾಡ್ಬೇಡಿ. ಮಗು ಬಾಗಿಲಿನ ಅಂಚು ಹಿಡ್ಕೊಂಡೇ ಹಿಡ್ಕೊಳ್ಳತ್ತೆ, ಆ ಅಂಚು ತಿರುಗಿ ಕೆಳಗೆ ಬಂದಾಗ ಬೆರಳು ಮತ್ತು ನೆಲದ ಮಧ್ಯೆ ಜಾಗ ಇರ್ಬೇಕು. ಕಾಲು ಜಾರಿ ಪಕ್ಕಕ್ಕೆ ಹೋಗ್ದೇ ಇರೋ ಹಾಗೆ ತಡೆಯೋದೂ ಈ ಅಂಚೇ.

ಹಲಗೆಗಳು 60 ಸೆಂ.ಮೀ. ಉದ್ದ. ಅವು ಚೌಕಟ್ಟಿನ ಹೊರಗಡೆ ಕೂರ್ತವೆ, ಹಾಗಾಗಿ ಒಳಮೈ 23.3, ಹೊರಮೈ 23.8 ಸೆಂ.ಮೀ., ಎರಡೂ ಉದ್ದದ ಅಂಚಿಗೆ 15 ಡಿಗ್ರಿ ಓರೆ. ಓರೆ ಕತ್ತರಿಸೋ ಮಿಷನ್ ಇಲ್ಲ ಅಂದ್ರೆ ಎಲ್ಲಾನೂ ನೇರವಾಗೇ 23.3ಕ್ಕೆ ಕತ್ತರಿಸಿ, ಒಳಗಡೆ ಅಂಚು ಅಂಚಿಗೆ ಕೂರತ್ತೆ, ಹೊರಗಡೆ ಮಾತ್ರ 5 ಮಿ.ಮೀ.ಗಿಂತ ಚೂರು ಕಮ್ಮಿ ಬಾಯಿ ಬಿಟ್ಕೊಂಡಿರೋ ಸಂದು ಉಳಿಯತ್ತೆ, ಅದರ ಮೇಲೆ ಹೇಗೂ ರಬ್ಬರ್ ಪಟ್ಟಿ ಬರತ್ತೆ.

ಸಂದು ಅಂದ್ನಲ್ಲ, ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ. ಹಲಗೆಗಳ ಮಧ್ಯೆ ಗಾಳಿ ಬರ್ಲಿ, ಮರ ಉಳೀಲಿ ಅಂತ ಜಾಗ ಬಿಟ್ಟು ಏಣಿ ಥರ ಮಾಡ್ಬೇಡಿ. ಬೇರೆ ಆಟಿಕೆಯಲ್ಲಿ ಅದು ಪರವಾಗಿಲ್ಲದೇ ಇರಬಹುದು, ಇಲ್ಲಿ ಸಂದಿನಿಂದ ಹೊರಗೆ ಬಂದ ಬೆರಳು ಮುಂದಿನ ಕ್ಷಣದಲ್ಲಿ ಡ್ರಮ್ ಮತ್ತು ನೆಲದ ಮಧ್ಯೆ ಇರತ್ತೆ, ಮೇಲೆ ಮಗುವಿನದೇ ಪೂರ್ತಿ ಭಾರ. ಸುತ್ತಲೂ ಮುಚ್ಚೇ ಇರ್ಬೇಕು. ಯುರೋಪಿನ ಆಟಿಕೆ ಮಾನದಂಡ ಇಎನ್ 71ರಲ್ಲಿ ಅಲ್ಲಾಡೋ ಭಾಗಗಳ ಸಂದಿಗೆ ಒಂದು ಒಳ್ಳೇ ನಿಯಮ ಇದೆ, 5 ಮಿ.ಮೀ. ಕಡ್ಡಿ ಹೋಗೋ ಸಂದಾದ್ರೆ 12 ಮಿ.ಮೀ. ಕಡ್ಡಿನೂ ಹೋಗ್ಬೇಕು, ಅಂದ್ರೆ ಬೆರಳು ಒಳಗೇ ಹೋಗ್ಬಾರ್ದು ಇಲ್ವೇ ಹೋದ್ರೂ ಸಿಕ್ಕಾಕ್ಕೊಳ್ಬಾರ್ದು. ಚೌಕಟ್ಟಿಗೆ ಚೆಂದಕ್ಕೆ ಅಂತ ನಕ್ಷತ್ರ, ಚಂದ್ರನ ಆಕಾರದ ತೂತು ಕೊರೆಯೋ ಆಸೆ ಬರತ್ತೆ, ನನಗೂ ಬಂದಿತ್ತು. ತಲೆ ಸಿಕ್ಕಾಕ್ಕೊಳ್ಳೋ ವಿಷಯದಲ್ಲಿ ಆಟದ ಮೈದಾನದ ಉಪಕರಣಗಳಿಗೆ ಪಾಲಿಸೋ ಅಳತೆ 89 ಮಿ.ಮೀ. ಮತ್ತು 230 ಮಿ.ಮೀ., ಇವೆರಡರ ನಡುವಿನ ಯಾವ ತೂತೂ ಬೇಡ, ಮೈ ನುಗ್ಗತ್ತೆ ತಲೆ ಬರಲ್ಲ. ಬಣ್ಣದಲ್ಲಿ ಬರೀರಿ ನಕ್ಷತ್ರ.

ಜೋಡಿಸೋಕೆ ಹಲಗೆನ ನೇರ ಪ್ಲೈವುಡ್ ಅಂಚಿಗೆ ಸ್ಕ್ರೂ ಹೊಡೀಬೇಡಿ, ಪದರ ಬಿಟ್ಕೊಂಡು ಸೀಳತ್ತೆ. ಪ್ರತಿ ಮುಖಕ್ಕೂ ಚೌಕಟ್ಟಿನ ಒಳಗಡೆ 3 ಸೆಂ.ಮೀ. ಚೌಕದ, 12 ಸೆಂ.ಮೀ. ಉದ್ದದ ರೀಪರ್ (ಮರದ ಸಣ್ಣ ಪಟ್ಟಿ) ತುಂಡು ಇಟ್ಟು ಮರದ ಗಮ್ ಹಾಕಿ, 35 ಮಿ.ಮೀ. ಸ್ಕ್ರೂ ಎರಡೆರಡು. ಆಮೇಲೆ ಹಲಗೆಯಿಂದ ಆ ತುಂಡಿಗೆ 30 ಮಿ.ಮೀ. ಸ್ಕ್ರೂ. ಈ ಉದ್ದಗಳಲ್ಲಿ ಮೊನೆ ಒಳಗೆ ಬರಲ್ಲ, ಆದ್ರೂ ಮುಗಿದ ಮೇಲೆ ಒಳಗಡೆ ಎಲ್ಲಾ ಕಡೆ ಒಂದು ಹತ್ತಿ ಉಂಡೆ ಸವರಿ, ಎಲ್ಲಿ ನೂಲು ಎಳೆಯತ್ತೋ ಅಲ್ಲಿ ಮೊನೆ ಅಥವಾ ಸಿಬಿರು ಇದೆ ಅಂತ ಅರ್ಥ. ಸ್ಕ್ರೂ ತಲೆ ಮರದೊಳಗೆ ಇಳಿಸಿ ಪುಟ್ಟಿ ಹಾಕಿ. ಬಾಗಿಲಿನ ಅಂಚು, ಹೊರ ಮೂಲೆಗಳು, ರೀಪರ್ ತುಂಡಿನ ಮೂಲೆಗಳು ಎಲ್ಲಾನೂ ಉಗುರು ಎಳೆದ್ರೆ ತಡೆಯದ ಹಾಗೆ ದುಂಡಗೆ ಮಾಡಿ ಸ್ಯಾಂಡ್ ಪೇಪರ್ ಹಾಕಿ. ಬೇಸರದ ಕೆಲಸ, ಒಂದು ಇಡೀ ದಿನ ಹೋಗತ್ತೆ, ಕೊಡಿ ಆ ದಿನವನ್ನ.

ಬಣ್ಣ ಸೀಸ ಇಲ್ಲದ ನೀರಿನ ಬಣ್ಣ, ಮಕ್ಕಳ ಆಟಿಕೆಗೆ ಅಂತಾನೇ ಬರೋದು. ಒಳಗೆ 10 ಮಿ.ಮೀ. ಇವಿಎ ಫೋಮ್ (ಮಕ್ಕಳ ಆಟದ ಮ್ಯಾಟ್ ಮಾಡೋ ಮೆತ್ತನೆ ಹಾಳೆ), ಬೆವರು ನೀರು ಹೀರದ ಜಾತಿದು. ಸ್ಪಂಜ್ ಬೇಡ, ಒದ್ದೆಯಾದ್ರೆ ಒಂದೇ ವಾರಕ್ಕೆ ವಾಸನೆ. ಫೋಮ್ ಅಂಟಿಸೋ ಗಮ್ಮಿನ ವಾಸನೆ ಪೂರ್ತಿ ಹೋಗೋವರೆಗೂ ಗಾಳಿಯಲ್ಲಿ ಬಿಡಿ, ಮಗು ಇಡೀ ತಲೆ ಒಳಗಿಟ್ಟು ಏದುಸಿರು ಬಿಡೋ ಜಾಗ ಅದು. ಫೋಮ್ ಅಂಚುಗಳು ಎಲ್ಲೂ ಬಿಚ್ಚಿಕೊಂಡಿರ್ಬಾರ್ದು, ಸಣ್ಣವರು ಅದನ್ನ ಕಿತ್ತು ಬಾಯಿಗೆ ಹಾಕ್ತಾರೆ. ಹೊರಗೆ ಪ್ರತಿ ಮೂಲೆಯ ಗೆರೆ ಮೇಲೆ ರಬ್ಬರ್ ಪಟ್ಟಿ ಅಂಟಿಸಿ, ಧಪ್ ಧಪ್ ಸದ್ದು ಅರ್ಧ ಆಗತ್ತೆ, ಟೈಲ್ಸ್ ನೆಲದಲ್ಲಿ ಜಾರಲ್ಲ, ಮರದ ಅಂಚೂ ಸವೆಯಲ್ಲ. ಎಲ್ಲಾ ಸೇರಿ ತೂಕ 16 ಕೆ.ಜಿ. ಆಸುಪಾಸಲ್ಲಿ ಬರ್ಬೇಕು.

ಒಳಗೆ ಹಿಡಿ ಬೇಕಾ ಅಂತ ಕೇಳ್ತಾರೆ. ಅಂಬೆಗಾಲು ಡ್ರಮ್‌ಗೆ ಬೇಡ. ಹಿಡಿ ಇದ್ರೆ ಮಗು ಹಿಡ್ಕೊಂಡು ನೇತಾಡತ್ತೆ, ಡ್ರಮ್ ಅದನ್ನ ಮೇಲೆ ಎತ್ಕೊಂಡು ಹೋಗತ್ತೆ, ನಾವು ಬೇಡ ಅಂದಿದ್ದ ತಲೆಕೆಳಗಿನ ಆಟಕ್ಕೆ ಅಲ್ಲಿಂದಾನೇ ಶುರು. ಹೊರಗೆ ತಳ್ಳೋಕೆ ಹಿಡಿನೂ ಬೇಡ. ಕಿವಿಯೊಳಗೆ ಮೂರು ಅರ್ಧವೃತ್ತದ ನಾಳ ಇದಾವಲ್ಲ, ತಲೆ ತಿರುಗಿದಾಗ ಅದರೊಳಗಿನ ದ್ರವ ಹರಿದು ಮೆದುಳಿಗೆ ಸುದ್ದಿ ಮುಟ್ಟಿಸತ್ತೆ, ಮಕ್ಕಳಿಗೆ ಆ ಸುದ್ದಿ ಬಲು ಇಷ್ಟ, ಆದ್ರೆ ಎಷ್ಟು ಸಾಕು ಅಂತ ಗೊತ್ತಾಗೋದು ಒಳಗಿರೋ ಮಗುಗೇ ಹೊರತು ಹೊರಗೆ ನಿಂತು ತಳ್ತಿರೋ ಅಣ್ಣನಿಗಲ್ಲ.

ಡ್ರಮ್ ನೇರ ಮಾತ್ರ ಹೋಗತ್ತೆ, ತಿರುಗಿಸೋಕೆ ಬರಲ್ಲ. ಜಾಗ ಚಿಕ್ಕದಿದ್ದು ವೃತ್ತದಲ್ಲಿ ಸುತ್ತೋ ಹಾಗೆ ಬೇಕಂದ್ರೆ ಒಂದು ಚೌಕಟ್ಟಿನ ತ್ರಿಜ್ಯ 45, ಇನ್ನೊಂದರದ್ದು 40 ಮಾಡಿ, ಲೋಟ ಮಲಗಿಸಿ ಉರುಳಿಸಿದ ಹಾಗೆ ಸುಮಾರು ಐದೂವರೆ ಮೀಟರ್ ತ್ರಿಜ್ಯದ ಸುತ್ತು ಹೊಡೆಯತ್ತೆ. ಹಲಗೆ ಎಲ್ಲಾ ಒಂದು ಕಡೆ ಸಣ್ಣ ಆಗ್ತಾ ಬರ್ಬೇಕು, ಮೊದಲನೇ ಸಲಕ್ಕೆ ಈ ತಲೆನೋವು ಬೇಡ ಅಂತ ನನ್ನ ಅಭಿಪ್ರಾಯ.

ಮಗುನ ಕೂರಿಸೋ ಮುಂಚೆ ಪರೀಕ್ಷೆ. ಇಎನ್ 71ರಲ್ಲಿ ಮೂರು ವರ್ಷ ಮೇಲ್ಪಟ್ಟ ಮಕ್ಕಳ ಭಾರ ಹೊರೋ ಆಟಿಕೆಗೆ 50 ಕೆ.ಜಿ. ಹೇರಿ ನೋಡ್ತಾರೆ. ನೀವೂ 50 ಕೆ.ಜಿ. ಮರಳು ಮೂಟೆ ಒಳಗಿಟ್ಟು ರಾತ್ರಿ ಬಿಡಿ, ಒಂದೊಂದು ಮುಖ ಬದಲಾಯಿಸ್ತಾ. ಆಮೇಲೆ 20 ಕೆ.ಜಿ. ಮೂಟೆನ ಒಳಗೆ ಬಿಗಿಯಾಗಿ ಕಟ್ಟಿ ಕೈಯಲ್ಲೇ ನೂರು ಸುತ್ತು ಉರುಳಿಸಿ, ಒಂದು ಸುತ್ತಿಗೆ ಸುಮಾರು 2.85 ಮೀಟರ್, ಹಾಗಾಗಿ ಒಟ್ಟು ಮುನ್ನೂರು ಮೀಟರ್ ನಡಿಗೆ ಅಷ್ಟೇ. ಕಿರ್ ಅನ್ನೋ ಸದ್ದು ಬಂದ್ರೆ ಎಲ್ಲೋ ಗಮ್ ಹಿಡಿದಿಲ್ಲ. ಒಂದ್ಸಲ ಬೇಕಂತಲೇ ಪಕ್ಕಕ್ಕೆ ಕೆಡವಿ ನೋಡಿ.

ಆಡೋ ವಯಸ್ಸು ನಾಲ್ಕರಿಂದ ಎಂಟು. ಮೂರರ ಒಳಗಿನವರಿಗೆ ಬೇಡ. ಕುತ್ತಿಗೆ ತೊಂದರೆ ಇರೋ, ಫಿಟ್ಸ್ ಬರೋ ಮಕ್ಕಳಿದ್ರೆ ಡಾಕ್ಟರ್ ಹತ್ರ ಕೇಳಿ ಆಮೇಲೆ. ಜಾಗ ಮಟ್ಟಸವಾದ ಹುಲ್ಲು ಅಥವಾ ಮಣ್ಣು, ಹೋಗೋ ದಾರಿಯ ಎರಡೂ ತುದಿಯಲ್ಲಿ ಕನಿಷ್ಠ ಒಂದು ಸುತ್ತಿನಷ್ಟು ಅಂದ್ರೆ ಮೂರು ಮೀಟರ್ ಖಾಲಿ, ಮೆಟ್ಟಿಲು ರಸ್ತೆ ನೀರು ಹತ್ರ ಇರ್ಬಾರ್ದು. ಬರಿಗಾಲು, ಉದ್ದ ಕೂದಲು ಕಟ್ಟಿರ್ಬೇಕು, ದುಪಟ್ಟಾ, ಕುತ್ತಿಗೆ ದಾರ, ಟೋಪಿಯ ಲಾಡಿ ಇಂಥವೆಲ್ಲ ತೆಗೆದಿಡಿ. ಒಳಗೆ ಒಂದೇ ಮಗು. ಇಬ್ಬರು ಹೋದ್ರೆ ಒಬ್ಬರ ಮೊಣಕೈ ಇನ್ನೊಬ್ಬರ ಹಲ್ಲಿಗೆ ತಾಗೋದು ಗ್ಯಾರಂಟಿ, ಡ್ರಮ್ ಯಾರ ಮಾತೂ ಕೇಳಲ್ಲ.

ಮೊದಲನೇ ದಿನ ಹೇಗೆ ಮಾಡ್ಬೇಕು ಅಂತ ಹೇಳ್ಕೊಡ್ಬೇಡಿ. ಸುಮ್ನೆ ಅಂಗಳದಲ್ಲಿ ಇಟ್ಟು ದೂರ ಕೂತ್ಕೊಳ್ಳಿ. ಮಗು ಮೊದಲು ಒಳಗೆ ಕೂತು ಹರಟತ್ತೆ, ಮನೆ ಮಾಡ್ಕೊಳ್ಳತ್ತೆ, ಆಮೇಲೆ ಹಿಂದೆ ಮುಂದೆ ತೂಗತ್ತೆ, ಅಂಚು ದಾಟೋ ಮುಂಚಿನ ಆ ತೂಗಾಟದಲ್ಲೇ ಅರ್ಧ ಗಂಟೆ ಕಳೀಬಹುದು, ಒಂದು ಹೊತ್ತಲ್ಲಿ ಧಪ್ ಅಂತ ಮೊದಲನೇ ಮುಖ ಉರುಳತ್ತೆ, ಆಗ ನಿಮ್ಮ ಕಡೆ ತಿರುಗಿ ನೋಡತ್ತೆ.

ತಿಂಗಳಿಗೊಮ್ಮೆ ಹಲಗೆಗಳನ್ನ ಗೆಣ್ಣಿಂದ ಕುಟ್ಟಿ ನೋಡಿ, ಪೊಳ್ಳು ಸದ್ದು ಬಂದಲ್ಲಿ ಸ್ಕ್ರೂ ಬಿಗಿ ಮಾಡಿ, ಎದ್ದಿರೋ ಫೋಮ್ ಮತ್ತೆ ಅಂಟಿಸಿ, ಮಳೇಲಿ ಬಿಡ್ಬೇಡಿ. ಆಡದೇ ಇದ್ದಾಗ ಮಗ್ಗುಲಾಗಿ ಮಲಗಿಸಿ ಇಡಿ, ಆಗ ಉರುಳಲ್ಲ. ಮಗು ಕೂತಾಗ ತಲೆಗೂ ಮೇಲಿನ ಹಲಗೆಗೂ ನಡುವೆ ಒಂದು ಅಂಗೈ ಜಾಗ ಉಳೀಲಿಲ್ಲ ಅಂದ್ರೆ ಆ ಮಗುಗೆ ಈ ಡ್ರಮ್ ಚಿಕ್ಕದಾಯ್ತು, ತಮ್ಮನಿಗೋ ತಂಗಿಗೋ ಬಿಟ್ಕೊಡೋ ಹೊತ್ತು.